ಫುಟ್‌ಪಾತಿನ ಮೇಲೊಂದು ಸ್ಕೂಟರ್

ಕಳೆದ ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ಬೆಂಗಳೂರಿನ ನಮ್ಮ ಬೀದಿಯ ಫುಟ್‌ಪಾತಿನ ಮೇಲೆ ಬಾಡಿಗೆ ಸ್ಕೂಟರೊಂದು ಅಡ್ಡಡ್ಡ ನಿಂತಿತ್ತು. ಮುಂದೆ ಕೋಲೂರಿಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬರು ಬೇರೆ ದಾರಿಯಿಲ್ಲದೆ ರಸ್ತೆಗಿಳಿದರು. ಬಸ್ಸೊಂದು ಹಾರ್ನ್ ಬಾರಿಸುತ್ತಾ ಅವರ ಪಕ್ಕದಲ್ಲೇ ಹಾದುಹೋಯಿತು. ನಾನು ಸ್ಕೂಟರನ್ನು ಸರಿಸಲು ಹೋದೆ, ಅದು ಕಿರುಚಿಕೊಂಡಿತು. ಜನ ನನ್ನನ್ನೇ ಕಳ್ಳನೆಂಬಂತೆ ನೋಡಿದರು. ಬಿಟ್ಟು ಬಂದೆ.

ಮನೆಯಲ್ಲಿ ಮಗನಿಗೆ ಹೇಳಿದೆ. ಅವನೂ ದಿನಾ ಅಂಥದ್ದರಲ್ಲೇ ಕೆಲಸಕ್ಕೆ ಹೋಗುವವನು. "ನಿಲ್ಲಿಸಿದ ಮೇಲೆ ಒಂದು ಫೋಟೋ ತೆಗೆದು ಕಳಿಸಬೇಕು ಅಪ್ಪಾ. ಫೋಟೋ ಸರಿಯಾಗಿ ಬಂದರೆ ಆಯಿತು" ಎಂದ. ಪಕ್ಕದಲ್ಲಿ ಎಷ್ಟು ಜಾಗ ಉಳಿದಿದೆ ಎಂಬುದು ಆ ಫೋಟೋದಲ್ಲಿ ಕಾಣುತ್ತದೆಯೇ? ಅವನು ನಕ್ಕ.

ಸ್ವಂತ ಗಾಡಿಯನ್ನು ಅಡ್ಡ ನಿಲ್ಲಿಸಿದರೆ ಅದನ್ನು ತೆಗೆಯಲು ನಾವೇ ಮರಳಿ ಬರಬೇಕು, ನೆರೆಯವರ ಬೈಗುಳ ಕೇಳಬೇಕು. ಬಾಡಿಗೆಯದಕ್ಕೆ ಆ ಭಯವಿಲ್ಲ. ಇಳಿದು ಹೋದವನು ಎಡವಿ ಬಿದ್ದವರ ಮುಖವನ್ನು ಎಂದೂ ನೋಡುವುದಿಲ್ಲ.

ಪ್ಯಾರಿಸ್ ನಗರದಲ್ಲಿ ಇದು ದೊಡ್ಡ ಜಗಳವೇ ಆಯಿತು. 2018ರಲ್ಲಿ ಅಲ್ಲಿಗೆ ನಿಂತು ಓಡಿಸುವ ಬಾಡಿಗೆ ಸ್ಕೂಟರುಗಳು ಬಂದವು. ಮರುವರ್ಷ ಫುಟ್‌ಪಾತಿನಲ್ಲಿ ನಿಲ್ಲಿಸಿದರೆ 35 ಯೂರೋ ದಂಡವೆಂದರು. 2020ರಲ್ಲಿ ಮೂರೇ ಕಂಪನಿಗಳಿಗೆ ಒಟ್ಟು 15,000 ಸ್ಕೂಟರುಗಳ ಅನುಮತಿ ಕೊಟ್ಟು, ನಿಲ್ಲಿಸಲು ಗುರುತಿನ ಜಾಗಗಳನ್ನೂ ಮಾಡಿದರು. ಕೊನೆಗೆ 2023ರ ಏಪ್ರಿಲ್ 2ರಂದು ಜನರನ್ನೇ ಕೇಳಿದರು. ಮತ ಹಾಕಿದವರಲ್ಲಿ ನೂರಕ್ಕೆ 89 ಮಂದಿ ಬೇಡವೆಂದರು. ಆದರೆ ಮತ ಹಾಕಲು ಬಂದವರು ನೂರಕ್ಕೆ ಎಂಟು ಮಂದಿಯೂ ಇಲ್ಲ! ಆಗಸ್ಟ್ ಮುಗಿಯುವಷ್ಟರಲ್ಲಿ ಸ್ಕೂಟರುಗಳು ಹೋದವು. ಬಾಡಿಗೆ ಸೈಕಲ್ಲುಗಳು ಉಳಿದವು.

ಇದು ನ್ಯಾಯವೇ? ಗುರುತಿನ ಜಾಗದಲ್ಲೇ ಶಿಸ್ತಾಗಿ ನಿಲ್ಲಿಸುತ್ತಿದ್ದವನೂ ಕಳೆದುಕೊಂಡನಲ್ಲ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಸ್ಕೂಟರುಗಳನ್ನು ತಂದು ಬೀದಿಗೆ ಬಿಟ್ಟ ದಿನ ಕೋಲೂರಿ ನಡೆಯುವವರನ್ನು, ಕಣ್ಣು ಕಾಣದವರನ್ನು, ಮಗುವಿನ ಗಾಡಿ ತಳ್ಳುವ ತಾಯಿಯನ್ನು ಯಾರು ಕೇಳಿದ್ದರು? ಮೊದಲು ಕಳೆದುಕೊಂಡವರು ಅವರು. ಹಾಗೆಂದು ಎಲ್ಲವನ್ನೂ ನಿಷೇಧಿಸಿ ಎನ್ನಲು ನನಗೆ ಮನಸ್ಸಿಲ್ಲ. ಬಸ್ಸಿಗೆ ಕಾದು ಸಾಕಾದವರಿಗೆ ಅವು ಆಸರೆ. ನನ್ನ ಮಗನಿಗೂ ಅಷ್ಟೇ.

ಮರುದಿನ ಸಂಜೆ ಮಗ ತಡವಾಗಿ ಬಂದ. ಕೇಳಿದರೆ, ಗಾಡಿ ನಿಲ್ಲಿಸಿ ಅರ್ಧ ದಾರಿ ಬಂದವನು ಮರಳಿ ಹೋಗಿ ಅದನ್ನು ಗೋಡೆಗೆ ಒತ್ತಿ ನಿಲ್ಲಿಸಿ ಬಂದನಂತೆ. ಫೋಟೋವನ್ನು ಆಗಲೇ ಕಳಿಸಿಯಾಗಿತ್ತು.