ಚರಂಡಿಗೆ ಹರಿದ ಹಾಲು

ಹಣ ಕೊಟ್ಟು ಕೊಂಡ ವಸ್ತುವನ್ನು ಹಾಳುಮಾಡುವ ಹಕ್ಕು ಕೊಂಡವನಿಗೆ ಇದೆಯೇ? ಕಾನೂನಿನ ಮಾತು ಹಾಗಿರಲಿ, ಮನಸ್ಸಾಕ್ಷಿಯ ಮುಂದೆ ನಿಂತು ಉತ್ತರಿಸಿರಿ. 2021ರ ಮೇ ತಿಂಗಳಲ್ಲಿ ಚೀನಾದ ಜನರು ಈ ಪ್ರಶ್ನೆಗೆ ಮುಖಾಮುಖಿಯಾಗಬೇಕಾಯಿತು.

ಐಚೀಯಿ ಎಂಬ ಅಂತರಜಾಲ ವಾಹಿನಿಯಲ್ಲಿ ‘ಯೂತ್ ವಿತ್ ಯೂ’ ಎಂಬ ಸ್ಪರ್ಧೆಯ ಮೂರನೆಯ ಆವೃತ್ತಿ ನಡೆಯುತ್ತಿತ್ತು. ಹಾಡಿ ಕುಣಿಯುವ ತರುಣರಲ್ಲಿ ಯಾರು ತಾರೆಗಳಾಗಬೇಕೆಂದು ವೀಕ್ಷಕರೇ ಮತ ಹಾಕಿ ತೀರ್ಮಾನಿಸಬೇಕು. ಪ್ರಾಯೋಜಕರು ಹಾಲಿನ ಪಾನೀಯ ತಯಾರಿಸುವ ಕಂಪನಿಯವರು. ಬಾಟಲಿಯ ಮುಚ್ಚಳದೊಳಗೆ ಅಚ್ಚಾದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಮೆಚ್ಚಿನ ಸ್ಪರ್ಧಿಗೆ ಹೆಚ್ಚಿನ ಮತ. ಅಭಿಮಾನಿಗಳು ಹಣ ಕೂಡಿಸಿ ಪೆಟ್ಟಿಗೆಗಟ್ಟಲೆ ಬಾಟಲಿಗಳನ್ನು ಕೊಂಡರು. ಅವರಿಗೆ ಬೇಕಾಗಿದ್ದುದು ಮುಚ್ಚಳ, ಹಾಲಲ್ಲ. ಜನರು ಸಾಲಾಗಿ ಕುಳಿತು ಬಾಟಲಿಗಳನ್ನು ತೆರೆದು ಹಾಲನ್ನು ಚರಂಡಿಗೆ ಸುರಿಯುತ್ತಿದ್ದ ದೃಶ್ಯ ದೇಶದಾದ್ಯಂತ ಹರಡಿತು. ಆಹಾರದ ಪೋಲನ್ನು ತಡೆಯುವ ಕಾನೂನಿಗೆ ಅಲ್ಲಿ ಅಂಗೀಕಾರ ದೊರೆತದ್ದು ಅದೇ ವರ್ಷದ ಏಪ್ರಿಲ್ 29ರಂದು! ಅಧಿಕಾರಿಗಳು ಸ್ಪರ್ಧೆಯನ್ನು ತಡೆದರು. ಅಂತಿಮ ಸುತ್ತು ನಡೆಯಲೇ ಇಲ್ಲ.

ಇದು ಎಂತಹ ನಾಡಿನಲ್ಲಿ ನಡೆಯಿತೆಂಬುದನ್ನು ನೆನೆಯಿರಿ. ಈ ಅಭಿಮಾನಿಗಳ ಅಜ್ಜ ಅಜ್ಜಿಯರದು 1959ರಿಂದ 1961ರವರೆಗಿನ ಮಹಾಕ್ಷಾಮವನ್ನು ಕಂಡ ಪೀಳಿಗೆ. ಕೋಟ್ಯಂತರ ಜನರು ಆಗ ಹಸಿವಿನಿಂದ ಸತ್ತರು. 1955ರಲ್ಲಿ ಬಂದ ಧಾನ್ಯದ ಪಡಿತರ ಚೀಟಿ ತೆರೆಮರೆಗೆ ಸರಿದದ್ದು 1993ರಲ್ಲಿ. ಎಪ್ಪತ್ತರ ದಶಕದಲ್ಲಿ ಮದುವೆಯ ಗಂಡಿನ ಮನೆಯಲ್ಲಿ ಕೈಗಡಿಯಾರ, ಸೈಕಲ್ಲು, ಹೊಲಿಗೆ ಯಂತ್ರ ಇದ್ದರೆ ಅದೇ ಸಿರಿತನ. ಇಂದು? ನವೆಂಬರ್ 11ರ ಮಾರಾಟವನ್ನು ಅಲಿಬಾಬಾ ಕಂಪನಿ 2009ರಲ್ಲಿ ಆರಂಭಿಸಿತು. 2019ರಲ್ಲಿ ಆ ಒಂದೇ ದಿನ ಅದರ ಜಾಲತಾಣಗಳಲ್ಲಿ ನಡೆದ ವ್ಯಾಪಾರ 26,840 ಕೋಟಿ ಯುವಾನ್. ಹಸಿವನ್ನು ಕಂಡವರ ಮಕ್ಕಳು ನಾಲ್ಕು ಕಾಸು ಖರ್ಚು ಮಾಡಿ ಸುಖಪಟ್ಟರೆ ಅದನ್ನು ಪಾಪವೆನ್ನಲು ನನಗೆ ನಾಲಿಗೆ ಏಳದು. ಹೊಟ್ಟೆ ತುಂಬಿದವರು ಇತರರಿಗೆ ಸರಳತೆಯನ್ನು ಬೋಧಿಸುವುದು ಬಹಳ ಸುಲಭ. ಉಪದೇಶವೇ ಕಸುಬಾಗಿರುವ ನಮ್ಮಂಥವರಿಗೆ ಇನ್ನೂ ಸುಲಭ.

ಹಾಗಾದರೆ ತಪ್ಪು ಎಲ್ಲಿದೆ? ವಸ್ತುವ್ಯಾಮೋಹವೆಂದು ನೀವು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಆ ಅಭಿಮಾನಿಗಳು ವಸ್ತುವನ್ನು ಅತಿಯಾಗಿ ಪ್ರೀತಿಸಲಿಲ್ಲ, ಪ್ರೀತಿಸಲೇ ಇಲ್ಲ. ಹಸು ಕರೆದವರ ಶ್ರಮ, ಮಗುವಿನ ಹಸಿವು ಇವುಗಳೊಡನೆ ಹಾಲಿಗಿದ್ದ ನಂಟೇ ಕಡಿದುಹೋಗಿ, ಅದು ಮುಚ್ಚಳಕ್ಕೆ ಅಂಟಿಕೊಂಡ ಕಸವಾಯಿತು. ಆದರೂ ಅವರ ಮನಸ್ಸಿನಲ್ಲಿ ಇದ್ದುದು ಬರಿಯ ಸ್ವಾರ್ಥವಲ್ಲ. ಕೈಖರ್ಚಿನ ಹಣ ಉಳಿಸಿ, ತನಗೆ ಏನನ್ನೂ ಬಯಸದೆ, ಒಬ್ಬ ಅಪರಿಚಿತ ತರುಣ ಗೆಲ್ಲಲಿ ಎಂದು ಕೊಟ್ಟ ಹುಡುಗಿಯದು ಒಂದು ಬಗೆಯ ತ್ಯಾಗವೇ. ಅಷ್ಟೊಂದು ಪ್ರೀತಿ ಅವಳಲ್ಲಿತ್ತು. ಅದನ್ನು ಅಳೆಯಲು ವ್ಯಾಪಾರಿ ಅವಳ ಕೈಗೆ ಕೊಟ್ಟ ಅಳತೆಗೋಲು ಬಾಟಲಿಗಳ ಲೆಕ್ಕ. ಈ ಕತೆಯಲ್ಲಿ ನನ್ನನ್ನು ನೋಯಿಸುವುದು ಹಾಲಿಗಿಂತ ಹೆಚ್ಚಾಗಿ ಇದೇ.

2021ರ ಸೆಪ್ಟೆಂಬರಿನಲ್ಲಿ ಸರ್ಕಾರ ಇಂತಹ ತಾರಾ ಸ್ಪರ್ಧೆಗಳನ್ನೇ ನಿಷೇಧಿಸಿತು. ಆದರೆ ಆಜ್ಞೆಗಳು ವೇದಿಕೆಯನ್ನು ಕಿತ್ತುಹಾಕಬಲ್ಲವೇ ಹೊರತು ಹಂಬಲವನ್ನಲ್ಲ. ಈಗ ಪಾಪ್ ಮಾರ್ಟ್ ಕಂಪನಿಯ ಗೊಂಬೆಗಳ ಕಾಲ. ಡಬ್ಬಿಯೊಳಗೆ ಯಾವ ಗೊಂಬೆಯಿದೆಯೆಂದು ತೆರೆಯುವವರೆಗೂ ತಿಳಿಯದು. ಅಪರೂಪದ್ದು ಸಿಗುವವರೆಗೆ ಮತ್ತೊಂದು, ಮಗದೊಂದು. ಹಲ್ಲು ಕಿರಿಯುವ ‘ಲಬೂಬು’ ಗೊಂಬೆಯ ಆಳೆತ್ತರದ ಪ್ರತಿಯೊಂದು 2025ರ ಜೂನಿನಲ್ಲಿ ಬೀಜಿಂಗಿನ ಹರಾಜಿನಲ್ಲಿ 10 ಲಕ್ಷ 80 ಸಾವಿರ ಯುವಾನ್‌ಗೆ ಹೋಯಿತು.

ಇದಕ್ಕೂ ನಿಯಮಗಳಿವೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಇಂತಹ ಡಬ್ಬಿಗಳನ್ನು ಮಾರಕೂಡದೆಂದು 2023ರಲ್ಲಿ ಚೀನಾ ಸರ್ಕಾರ ಸೂಚಿಸಿತು. ಎಂಟು ದಾಟಿದ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಅಂದರೆ ಅಷ್ಟು ದೊಡ್ಡ ಸರ್ಕಾರವೂ ಕೊನೆಗೆ ಬಂದು ತಟ್ಟಿದ್ದು ಒಂದು ಮನೆಯ ಬಾಗಿಲನ್ನೇ. ಒಳಗೆ ಒಂಬತ್ತು ವರ್ಷದ ಮಗು ಕೈಚಾಚಿ ನಿಂತಿದೆ, ತನ್ನ ತರಗತಿಯ ಎಲ್ಲರ ಬಳಿಯೂ ಆ ಗೊಂಬೆಯಿದೆ ಎನ್ನುತ್ತಿದೆ. ತಂದೆ ತಾಯಿ ಏನು ಹೇಳಬೇಕು?