ಜಾಣ ಮಗುವಿಗೆ ಬೇರೆ ಪಾಠವೇ?

ಎಲ್ಲ ಮಕ್ಕಳಿಗೂ ಒಂದೇ ಪಾಠ ಎಂಬುದು ಕೇಳಲು ಚೆಂದ. ಆದರೆ ಇಂಗ್ಲಿಷ್ ತರಗತಿಯಲ್ಲಿ ಮೂವತ್ತು ಮಕ್ಕಳು ಅಕ್ಷರ ಕೂಡಿಸುತ್ತಿರುವಾಗ ಒಂದು ಮಗು ಪುಟ ಮುಗಿಸಿ ಕಿಟಕಿಯಾಚೆ ನೋಡುತ್ತ ಕುಳಿತಿರುತ್ತದೆ. ಅದನ್ನು ಕಾಯಿಸುವುದು ನ್ಯಾಯವೇ? ಅದಕ್ಕೆ ಬೇರೆ ಪಾಠ ಕೊಟ್ಟರೆ ಉಳಿದವರಿಗೆ ಅನ್ಯಾಯವೇ?

ಉತ್ತರಕ್ಕೆ ಮೊದಲು ನಮ್ಮ ಅಳತೆಗೋಲನ್ನೇ ನೋಡಬೇಕು. ಇಂಗ್ಲಿಷನ್ನು ಸರಾಗವಾಗಿ ಆಡುವ ಮಗುವನ್ನು ನಾವು ಪ್ರತಿಭಾವಂತ ಎನ್ನುತ್ತೇವೆ. ಬಹಳ ಸಲ ಆ ಇಂಗ್ಲಿಷ್ ಮನೆಯಿಂದ ಬಂದ ಬಳುವಳಿ. ಅಮ್ಮಿಯೊಡನೆ ಉರ್ದು, ಅಂಗಡಿಯಲ್ಲಿ ಕನ್ನಡ, ಮಕ್ತಬಿನಲ್ಲಿ ಅರಬಿ ಅಕ್ಷರ ಎಂದು ಬಲದಿಂದ ಎಡಕ್ಕೂ ಎಡದಿಂದ ಬಲಕ್ಕೂ ಓದುವ ಏಳೆಂಟು ವರ್ಷದ ಮಗು ಇಂಗ್ಲಿಷಿನಲ್ಲಿ ತಡವರಿಸಿದರೆ ದಡ್ಡರ ಸಾಲಿಗೆ ಹೋಗುತ್ತದೆ. ಬ್ಯಾರಿ, ತುಳು, ಲಂಬಾಣಿ ಮನೆಗಳ ಮಕ್ಕಳ ಪಾಡೂ ಇದೇ. ಭಾಷೆಯಿಂದ ಭಾಷೆಗೆ ದಾಟುವ ಅವರ ಚಾತುರ್ಯಕ್ಕೆ ಯಾವ ಪರೀಕ್ಷೆಯಲ್ಲೂ ಅಂಕವಿಲ್ಲ.

2007ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಬಂದಾಗ ಬೇಕೆ, ಬೇಡವೆ ಎಂಬ ವಾದ ಜೋರಾಗಿತ್ತು. ಯಾವ ಮಗುವಿಗೆ ಹೇಗೆ ಕಲಿಸಬೇಕು ಎಂದು ಕೇಳಿದವರು ಕಡಿಮೆ. ಜಾಣರಿಗೆ ನಮ್ಮ ವ್ಯವಸ್ಥೆ ಕಂಡುಕೊಂಡ ದಾರಿ, ಅವರನ್ನು ಹೆಕ್ಕಿ ಬೇರೆಡೆಗೆ ಒಯ್ಯುವುದು. ನವೋದಯ ವಿದ್ಯಾಲಯಗಳು ಪರೀಕ್ಷೆ ನಡೆಸಿ ಆರನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತವೆ, ಕನಿಷ್ಠ ಶೇ. 75 ಸ್ಥಾನ ಹಳ್ಳಿಯ ಮಕ್ಕಳಿಗೆ. ಎಷ್ಟೋ ಬಡಮಕ್ಕಳಿಗೆ ಇದರಿಂದ ಬಾಗಿಲು ತೆರೆದದ್ದು ನಿಜ. ಆದರೆ ಹಳ್ಳಿಯ ಶಾಲೆಯಲ್ಲೇ ಉಳಿದ ಮಕ್ಕಳು, ಪಕ್ಕದಲ್ಲಿ ಕೂತು ಓದುತ್ತಿದ್ದ ಗೆಳೆಯನನ್ನು ಕಳೆದುಕೊಂಡರು.

ಒಂದೇ ಕೋಣೆಯಲ್ಲಿ ಬೇರೆ ಬೇರೆ ಪಾಠ ಸಾಧ್ಯವೆ? ಮಕ್ತಬಿನಲ್ಲಿ ಉಸ್ತಾದರು ಒಬ್ಬೊಬ್ಬರನ್ನೇ ಕರೆದು ಅವರವರ ಸಬಕ್ ಕೇಳುತ್ತಾರೆ. ಒಬ್ಬ ಅಕ್ಷರಮಾಲೆಯಲ್ಲಿದ್ದರೆ ಇನ್ನೊಬ್ಬ ಕುರ್‌ಆನಿನ ಕೊನೆಯ ಅಧ್ಯಾಯಗಳಲ್ಲಿರುತ್ತಾನೆ. ಯಾರೂ ಯಾರಿಗಾಗಿಯೂ ಕಾಯುವುದಿಲ್ಲ. ಅಲ್ಲಿ ಪ್ರಶ್ನೆಗೆ ಜಾಗ ಕಡಿಮೆ ಎಂಬುದು ಬೇರೆ ಮಾತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಕೂಡ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತಲಿ ಎಂದಿತು.

ಇಂಗ್ಲಿಷಿಗೂ ಇದು ಒಗ್ಗುತ್ತದೆ. ಹೂಜಿಗೆ ಕಲ್ಲು ಹಾಕಿದ ಕಾಗೆಯ ಕಥೆಯನ್ನೇ ತೆಗೆದುಕೊಳ್ಳಿ. ಒಬ್ಬಳು ಚಿತ್ರ ನೋಡಿ ಪದ ಹೇಳಲಿ, ಇನ್ನೊಬ್ಬ ಕಥೆಯನ್ನು ತನ್ನ ಮಾತಲ್ಲಿ ಹೇಳಲಿ. ಮುಂದೆ ಹೋದವಳು, ಕಲ್ಲೇ ಸಿಗದಿದ್ದರೆ ಕಾಗೆ ಏನು ಮಾಡುತ್ತಿತ್ತು ಎಂದು ಬರೆಯಲಿ. ಬಳಿಕ ಮೂವರೂ ಒಬ್ಬರ ಮಾತನ್ನೊಬ್ಬರು ಕೇಳಲಿ. ಜಾಣ ಮಗುವಿಗೆ ಬೇಕಾದದ್ದು ಆಳದ ಪ್ರಶ್ನೆ. ಹೆಚ್ಚು ಪುಟ ಹೇರುವುದು ಅದಕ್ಕೆ ಶಿಕ್ಷೆ. ಸದಾ ಉಳಿದವರಿಗೆ ಕಲಿಸಲು ಹಚ್ಚುವುದು ಬಿಟ್ಟಿ ದುಡಿಮೆ.

ಐವತ್ತು ಮಕ್ಕಳ ಮುಂದೆ ಒಬ್ಬರೇ ನಿಂತ ಮೇಷ್ಟ್ರಿಗೆ ಇದು ಸುಲಭವಲ್ಲ. ಅವರಿಗೆ ಬಿಡುವು, ತರಬೇತಿ, ಪುಸ್ತಕ ಕೊಡದೆ ಉಪದೇಶ ಮಾತ್ರ ಕೊಡುವುದೂ ಅನ್ಯಾಯವೇ.

ಪ್ರತಿಭೆ ಒಂದು ಅಮಾನತ್ತು. ಅದನ್ನು ತುಕ್ಕು ಹಿಡಿಯಲು ಬಿಡುವ ಹಕ್ಕು ನಮಗಿಲ್ಲ. ಕೆಲವೇ ಮನೆಗಳಲ್ಲಿ ಅದನ್ನು ಹುಡುಕಿ ಸುಮ್ಮನಾಗುವ ಹಕ್ಕೂ ಇಲ್ಲ.