ಐದನೆಯ ದಿನ

ನಮ್ಮ ಭಾವನ ಅಂಗಿಯ ಜೇಬಿನಲ್ಲಿ ಹನ್ನೆರಡು ವರ್ಷದಿಂದ ಒಂದು ಮಾತ್ರೆ ಶೀಟು ಇದ್ದೇ ಇರುತ್ತಿತ್ತು. ಬಸ್ ಓಡಿಸುವ ಕೆಲಸ, ಹೊತ್ತಿಗೆ ಸರಿಯಾಗಿ ಊಟವಿಲ್ಲ. ಹೊಟ್ಟೆ ಉರಿ ಶುರುವಾದರೆ ಒಂದನ್ನು ಒತ್ತಿ ತೆಗೆದು ನುಂಗುವುದು, ‘ಗ್ಯಾಸ್ಟ್ರಿಕ್ಕು, ಇದ್ದದ್ದೇ ಬಿಡಪ್ಪಾ’ ಎನ್ನುವುದು. ಅಕ್ಕ ಹಸಿಮೆಣಸಿನಕಾಯಿಯನ್ನು ಬೈಯುತ್ತಿದ್ದಳು. ಮೆಡಿಕಲ್ ಶಾಪಿನವರು ಚೀಟಿ ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಈ ಬೇಸಿಗೆಯಲ್ಲಿ ರಕ್ತ ಕಡಿಮೆಯಾಗಿ ಮೆಟ್ಟಿಲು ಹತ್ತಲೂ ಏದುಸಿರು ಬಂದಾಗ ಎಂಡೋಸ್ಕೋಪಿ ಮಾಡಿಸಿದೆವು. ಸಣ್ಣ ಕರುಳಿನ ಬಾಯಲ್ಲೇ ಹುಣ್ಣು. ಜಠರದ ಒಳಪದರದಿಂದ ಅಕ್ಕಿ ನುಚ್ಚಿನಷ್ಟು ಚೂರನ್ನು ಚಿವುಟಿ ತೆಗೆದು ಹಳದಿ ಜೆಲ್‌ನೊಳಗೆ ಇಟ್ಟಿದ್ದರು. ನೋಡನೋಡುತ್ತ ಚೂರಿನ ಸುತ್ತ ಬಣ್ಣ ತಿರುಗಿತು; ಸ್ವಲ್ಪ ಹೊತ್ತಿನಲ್ಲಿ ಜೆಲ್ ಪೂರ್ತಿ ಗುಲಾಬಿ. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ; ಯೂರಿಯಾ ಇದ್ದ ಆ ಜೆಲ್‌ನ ಬಣ್ಣ ತಿರುಗಿದ್ದು ಅದರಿಂದಲೇ. ಜಠರದ ಸುಡುವ ಆಮ್ಲದ ನಡುವೆ ಅದು ಬದುಕುವುದೇ ಈ ಅಮೋನಿಯಾವನ್ನು ತನ್ನ ಸುತ್ತ ಹೊದ್ದುಕೊಂಡು. ಅದಕ್ಕೆ ರಕ್ಷಣೆಯಾದದ್ದೇ ನಮಗೆ ಅದರ ಗುರುತು. ಹನ್ನೆರಡು ವರ್ಷದ ಪ್ರಶ್ನೆಗೆ ಆ ಪುಟ್ಟ ಗುಲಾಬಿ ಬಣ್ಣದಲ್ಲಿ ಉತ್ತರ ಸಿಕ್ಕಿತ್ತು. ನನಗೆ ಸಮಾಧಾನಕ್ಕಿಂತ ಸಂಕಟವೇ ಹೆಚ್ಚಾಯಿತು. ಇಷ್ಟು ವರ್ಷ ನಾವ್ಯಾರೂ ಯಾಕೆ ಕೇಳಲಿಲ್ಲ?

ಕೇಳದವರು ನಾವಷ್ಟೇ ಆಗಿರಲಿಲ್ಲ. ಆಮ್ಲದಲ್ಲಿ ಯಾವ ಜೀವಾಣುವೂ ಉಳಿಯದು, ಅಲ್ಸರ್ ಬರುವುದು ಚಿಂತೆಯಿಂದ, ಖಾರದಿಂದ ಎಂದು ವೈದ್ಯಲೋಕವೇ ಬಹುಕಾಲ ನಂಬಿತ್ತು. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಸೂಕ್ಷ್ಮದರ್ಶಕದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಕಿರಿಯ ವೈದ್ಯ ಬ್ಯಾರಿ ಮಾರ್ಷಲ್ ಜೊತೆಗೂಡಿದ ಮೇಲೆ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೊರಟರು. ರೋಗಿಯ ಮೇಲೆ ರೋಗಿ, ಮೂವತ್ತು ದಾಟಿದರೂ ತಟ್ಟೆಗಳಲ್ಲಿ ಏನೂ ಬೆಳೆಯಲಿಲ್ಲ. ಎರಡು ದಿನ ನೋಡಿ ಎಸೆಯುವುದು ಅಲ್ಲಿನ ವಾಡಿಕೆಯಾಗಿತ್ತು. 1982ರ ಈಸ್ಟರ್ ರಜೆಯಲ್ಲಿ ಒಂದು ತಟ್ಟೆ ಹಾಗೇ ಉಳಿದುಬಿಟ್ಟಿತು. ಐದು ದಿನದ ನಂತರ ತೆರೆದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು! ಅದಕ್ಕೆ ಬೇಕಾಗಿದ್ದದ್ದು ಇನ್ನಷ್ಟು ದಿನ, ಅಷ್ಟೇ.

ಆದರೂ ಹೆಚ್ಚಿನವರು ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಮೊದಲು ತಮ್ಮ ಜಠರ ಆರೋಗ್ಯವಾಗಿದೆ ಎಂದು ಎಂಡೋಸ್ಕೋಪಿಯಿಂದ ಖಚಿತಪಡಿಸಿಕೊಂಡು, ಆ ಬ್ಯಾಕ್ಟೀರಿಯಾ ಕದಡಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ದುರ್ವಾಸನೆ. ಮತ್ತೆ ಒಳಗೆ ನೋಡಿದಾಗ ಜಠರದ ಪದರ ಉರಿಯೂತದಿಂದ ಕೆಂಪೇರಿತ್ತು. ಇಬ್ಬರಿಗೂ ನೊಬೆಲ್ ಬಂದದ್ದು 2005ರಲ್ಲಿ.

ಈ ಸೋಂಕು ಭಾರತದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದೆ, ಬಹುಪಾಲು ಚಿಕ್ಕಂದಿನಲ್ಲೇ ಮನೆಯೊಳಗೆ ಅಂಟಿದ್ದು. ಹೆಚ್ಚಿನವರಿಗೆ ಅದರಿಂದ ತೊಂದರೆಯೇ ಆಗುವುದಿಲ್ಲ, ಎಲ್ಲರೂ ಓಡಿಹೋಗಿ ಪರೀಕ್ಷೆ ಮಾಡಿಸಬೇಕಿಲ್ಲ. ಆದರೆ ಅಲ್ಸರ್ ಇರುವವರು, ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದವರು, ಹಿಂದೆ ಅಲ್ಸರ್ ಆಗಿದ್ದು ಈಗ ಹೃದಯಕ್ಕೆಂದು ದಿನಾ ಆಸ್ಪಿರಿನ್ ನುಂಗುವವರು ಕೇಳಲೇಬೇಕು. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬರೀ ಆಮ್ಲ ತಗ್ಗಿಸಿದರೆ ಹುಣ್ಣು ಮಾಯುತ್ತದೆ, ಮಾತ್ರೆ ಬಿಟ್ಟರೆ ಹೆಚ್ಚಿನವರಿಗೆ ವರ್ಷದೊಳಗೆ ಮರುಕಳಿಸುತ್ತದೆ. ಬ್ಯಾಕ್ಟೀರಿಯಾ ಹೋದರೆ ಮರುಕಳಿಸುವುದು ಅಪರೂಪ.

ಹೋಗಿಸುವುದು ಸುಲಭವಲ್ಲ. ಭಾವನಿಗೆ ಹದಿನಾಲ್ಕು ದಿನದ ಕೋರ್ಸು: ಎರಡು ಆಂಟಿಬಯೋಟಿಕ್, ಬಿಸ್ಮತ್, ಆಮ್ಲ ತಗ್ಗಿಸುವ ಮಾತ್ರೆ. ಮೂರನೇ ದಿನಕ್ಕೆ ಬಾಯೆಲ್ಲ ಕಬ್ಬಿಣ ಚೀಪಿದ ಹಾಗೆ ಎಂದರು. ಆರನೇ ದಿನ ಬೆಳಿಗ್ಗೆ ಅಕ್ಕನ ಫೋನು: ‘ನಾಲಿಗೆ ಕಪ್ಪು, ಕಕ್ಕಸೂ ಕಪ್ಪು ಕಣೋ. ರಕ್ತ ಹೋಗ್ತಿದೆಯೇನೋ, ಮಾತ್ರೆ ನಿಲ್ಲಿಸಿಬಿಡ್ತೀನಿ.’ ‘ನಿಲ್ಲಿಸಬೇಡ ಅಕ್ಕಾ, ತಡಿ’ ಎಂದು ಡಾಕ್ಟರನ್ನು ಕೇಳಿದೆ. ಅಂಟಂಟಾಗಿ, ಟಾರಿನಂತೆ, ಕೆಟ್ಟ ನಾತದೊಂದಿಗೆ ಹೋಗುತ್ತಿದೆಯೇ, ತಲೆ ಸುತ್ತುತ್ತಿದೆಯೇ ಎಂದು ವಿಚಾರಿಸಿದರು. ಇಲ್ಲವೆಂದಾಗ, ಇದು ಬಿಸ್ಮತ್ತಿನ ಬಣ್ಣ, ಮುಂದುವರಿಸಿ ಎಂದರು. ಈ ಒಂದು ಮಾತನ್ನು ಚೀಟಿ ಬರೆಯುವಾಗಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಹೀಗೆ ಹೆದರಿ ಅರ್ಧಕ್ಕೆ ಬಿಡುವವರು ಎಷ್ಟು ಜನರೋ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗಬಹುದು. ನಮ್ಮ ದೇಶದಲ್ಲಿ ಮೆಟ್ರೋನಿಡಜೋಲ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದವು ಈಗಾಗಲೇ ಬಹಳ.

ಕೋರ್ಸು ಮುಗಿಯಿತು, ಉರಿಯೂ ಹೋಯಿತು. ‘ಈಗ ಚೆನ್ನಾಗಿದೀನಲ್ಲ, ಮತ್ತೆ ಟೆಸ್ಟ್ ಯಾಕೆ?’ ಎಂದರು ಭಾವ. ನೋವು ಹೋದದ್ದಕ್ಕೂ ಬ್ಯಾಕ್ಟೀರಿಯಾ ಹೋದದ್ದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ರಕ್ತ ಪರೀಕ್ಷೆಯಿಂದಲೂ ತಿಳಿಯದು, ಪ್ರತಿಕಾಯಗಳು ಸೋಂಕು ಹೋದ ಮೇಲೂ ಬಹುಕಾಲ ಉಳಿಯುತ್ತವೆ. ಮಲದ ಆಂಟಿಜೆನ್ ಪರೀಕ್ಷೆಯೋ, ಯೂರಿಯಾ ಬೆರೆಸಿದ ನೀರು ಕುಡಿಸಿ ಚೀಲಕ್ಕೆ ಉಸಿರು ಊದಿಸುವ ಪರೀಕ್ಷೆಯೋ ಆಗಬೇಕು. ಅದೂ ಆಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ, ಆಮ್ಲದ ಮಾತ್ರೆ ಬಿಟ್ಟು ಎರಡು ವಾರ ಕಳೆದ ಮೇಲೆ. ಮೊದಲೇ ಮಾಡಿಸಿದರೆ ಅಡಗಿರುವ ಬ್ಯಾಕ್ಟೀರಿಯಾ ಇಲ್ಲವೆಂದೇ ಬರಬಹುದು.

ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಈಗ ಕೆಂಪು ಗೀಟುಗಳೂ ಇವೆ. ಮಾತ್ರೆ ಮುಟ್ಟದೆ ಇಂದಿಗೆ ಹನ್ನೊಂದು ದಿನ. ನಿನ್ನೆ ರಾತ್ರಿ ಸ್ವಲ್ಪ ಹುಳಿ ತೇಗು ಬಂದು ಭಾವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಗಿತ್ತಂತೆ. ಶೀಟನ್ನು ಅಕ್ಕ ತೆಗೆದಿಟ್ಟಿದ್ದಾಳೆ. ಬುಧವಾರ ಉಸಿರಿನ ಪರೀಕ್ಷೆ. ಜೊತೆಗೆ ಹೋಗಲು ನಾನೂ ರಜೆ ಹಾಕಿದ್ದೇನೆ.